ಎಡಗಡೆ ಕೂತವರು ಗೇಟು ಹಾಕಬೇಕು

ಜೀಪಿನಲ್ಲಿ ಡ್ರೈವರ್ ಪಕ್ಕ ಎಡಗಡೆ ಕೂತವರು ಇಳಿದು ಗೇಟು ತೆಗೆಯಬೇಕು. ಗಾಡಿ ದಾಟಿದ ಮೇಲೆ ಮತ್ತೆ ಹಾಕಿ, ಬಂದು ಹತ್ತಬೇಕು. ನಮ್ಮ ಕಡೆ ಕಾಫಿ ತೋಟದ ರಸ್ತೆಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಮೂಡಿಗೆರೆ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದ ದಿನವೇ, ಮದುವೆ ಸೀರೆಯಲ್ಲೇ, ನಾನು ಎರಡು ಕಡೆ ಇಳಿದು ಗೇಟು ಹಾಕಿದ್ದೇನೆ. ಹಿಂದೆ ಕೂತಿದ್ದ ದಿಬ್ಬಣದವರಲ್ಲಿ ಒಬ್ಬರಾದರೂ ಅಲುಗಾಡಲಿಲ್ಲ. ಇವರು ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತಿದ್ದರು. ಸ್ಟಿಯರಿಂಗ್ ಹಿಡಿದವರು ಗೇಟಿಗೆ ಇಳಿಯುವ ಹಾಗಿಲ್ಲ, ಅದೂ ಪದ್ಧತಿಯೇ.

ಗೇಟೆಂದರೆ ಕಬ್ಬಿಣದ್ದೇ ಆಗಬೇಕೆಂದಿಲ್ಲ. ಎರಡು ಕಲ್ಲುಕಂಬಕ್ಕೆ ತೂತು ಕೊರೆದು ಬಿದಿರಿನ ಗಳು ತೂರಿಸಿದರೂ ಗೇಟೇ. ಅದಕ್ಕೆ ಉಣಗೋಲು ಎನ್ನುತ್ತೇವೆ. ಅದನ್ನು ಹಾಕದೆ ಹೋಗುವುದು ಸಣ್ಣ ತಪ್ಪಲ್ಲ. ನಮ್ಮ ಮಾವ ಒಮ್ಮೆ, ಕಾಫಿ ಕುಯ್ಲು ಮುಗಿಯುವ ಕಾಲದಲ್ಲಿ, ಪಕ್ಕದ ತೋಟದ ಮೇಲೆ ಹಾದು ಬರುವಾಗ ಉಣಗೋಲು ಹಾಕಲು ಮರೆತರಂತೆ. ದನಗಳು ನುಗ್ಗಿ ಅವರ ಕಣಕ್ಕೆ ಹೋದವು. ಕಣದ ತುಂಬ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜ, ಒಣಗಲು ಹರಡಿತ್ತು. ಕಾಫಿ ಬೀಜಕ್ಕೆ ಪಕ್ಕದಲ್ಲಿರುವ ಎಲ್ಲ ವಾಸನೆಯನ್ನೂ ಎಳೆದುಕೊಳ್ಳುವ ಗುಣ. ದನ ತುಳಿದು ಸೆಗಣಿ ಹಾಕಿದ ಬೀಜವನ್ನು ಯಾರು ಮುಟ್ಟುತ್ತಾರೆ? ಅಲ್ಲಿಂದ ಎರಡು ಮನೆಗೂ ಮಾತು ನಿಂತಿತು. ಮದುವೆಗೆ ಕರೆಯುವುದಿಲ್ಲ, ಸಾವಿಗೆ ಬರುವುದಿಲ್ಲ. ಮಾವ ತೀರಿಕೊಂಡಾಗ ಆ ಮನೆಯ ಹಿರಿಯರು ನಮ್ಮ ಗೇಟಿನವರೆಗೆ ಬಂದು, ಹೊರಗೇ ನಿಂತಿದ್ದು ಹೋದರಂತೆ. ಇವರು ಆಗಿನ್ನೂ ಹೈಸ್ಕೂಲಿನಲ್ಲಿದ್ದರು. ಅದನ್ನು ಇವತ್ತಿಗೂ ಹೇಳುತ್ತಿರುತ್ತಾರೆ.

ನಾನು ಬರೆಯಹೊರಟಿದ್ದು ನಮ್ಮ ರ‍್ಯಾಲಿ ಟೀಮಿನ ಕತೆ. ಅದರಲ್ಲಿ ಗೆದ್ದ ಭಾಗ ಇಲ್ಲ, ಹಾಗಾಗಿ ಬೇಗ ಮುಗಿಯುತ್ತದೆ.

ತೊಂಬತ್ತರ ದಶಕದ ನಡುವೆ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡ ಸುಟ್ಟುಹೋದವು. ನಮ್ಮಲ್ಲಿ ರೇಟು ಏರಿತು. ಯಾರದೋ ಮನೆಗೆ ಬೆಂಕಿ ಬಿದ್ದರೆ ಇನ್ಯಾರಿಗೋ ಚಳಿ ಕಾಯಿಸುವ ಯೋಗ ಅನ್ನುತ್ತಿದ್ದರು ನಮ್ಮತ್ತೆ. ದೊಡ್ಡ ಪ್ಲಾಂಟರುಗಳ ಮನೆ ಮುಂದೆ ಹೊಸ ಕಾರು ಬಂದವು, ಅವರ ಮಕ್ಕಳು ರ‍್ಯಾಲಿಗೆ ಇಳಿದರು. ನಮ್ಮದು ಸಣ್ಣ ಹಿಡುವಳಿ. ಆದರೆ ರೇಟಿನ ಬಿಸಿ ನಮಗೂ ಒಂದಿಷ್ಟು ತಾಗಿ, ಇವರು ಹರಾಜಿನಲ್ಲಿ ಒಂದು ಹಳೆಯ ಜೀಪು ತಂದರು. ತೋಟದ ಕೆಲಸಕ್ಕೆ ಎಂದು ಹೇಳಿ ತಂದದ್ದು. ತಂದ ವಾರವೇ ನನ್ನ ಅಣ್ಣ ಬಂದು ಬಾನೆಟ್ಟಿನೊಳಗೆ ತಲೆ ಹಾಕಿ ನಿಂತದ್ದು ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಮೂಡಿಗೆರೆ ಪೇಟೆಯ ಹೊರಗೆ ಅವನದೊಂದು ಗ್ಯಾರೇಜು.

"ಓಡುತ್ತಾ ಭಾವ?" ಎಂದು ಇವರು ಕೇಳಿದರು.

"ಓಡೋದ್ ಓಡುತ್ತೆ ಭಾವ. ನಿಲ್ಲೋದೇ ಸ್ವಲ್ಪ ಕಷ್ಟ," ಎಂದ ಅಣ್ಣ. ಬ್ರೇಕನ್ನು ನಾಲ್ಕು ಸಲ ತುಳಿದರೆ ಒಂದು ಸಲ ಹಿಡಿಯುತ್ತಿತ್ತು.

ರ‍್ಯಾಲಿ ಎಂದರೆ ಮೈದಾನದಲ್ಲಿ ಸುತ್ತು ಹೊಡೆಯುವ ರೇಸಲ್ಲ. ಚಿಕ್ಕಮಗಳೂರಿನಲ್ಲಿ ಒಂದೊಂದೇ ಗಾಡಿಯನ್ನು ಬಿಡುತ್ತಾರೆ. ತೋಟಗಳ ಒಳರಸ್ತೆ, ಕಾಡಂಚು, ಹಳ್ಳ ಎಲ್ಲ ದಾಟಿ, ನಡುನಡುವೆ ಇರುವ ಕಂಟ್ರೋಲುಗಳಲ್ಲಿ ಹೊತ್ತಿಗೆ ಸರಿಯಾಗಿ ಹಾಜರಿ ಹಾಕಿಸಿ, ಸಂಜೆಗೆ ಮತ್ತೆ ಚಿಕ್ಕಮಗಳೂರಿಗೆ ಬರಬೇಕು. ಬಹಳ ತಡವಾದರೆ ಲೆಕ್ಕದಿಂದ ತೆಗೆದುಬಿಡುತ್ತಾರೆ. ಏನೂ ಮಾರ್ಪಾಡು ಮಾಡದೆ ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗಳಿಗೆ ಬೇರೆ ವಿಭಾಗವಿತ್ತು, ಸ್ಟಾಕ್ ಕ್ಲಾಸ್ ಎನ್ನುತ್ತಿದ್ದರು. ಮಾರ್ಪಾಡಿಗೆ ಕೈಯಲ್ಲಿ ಕಾಸಿಲ್ಲದವರೆಲ್ಲ ಅದರಲ್ಲಿದ್ದರು. ನಮ್ಮ ಜೀಪಿನಲ್ಲಿ ಕಂಪನಿಯಿಂದ ಬಂದ ಹಾಗೇ ಉಳಿದದ್ದು ಯಾವುದು ಎಂದು ಹುಡುಕಬೇಕಿತ್ತು. ಅಣ್ಣನ ವೆಲ್ಡಿಂಗು ಇಲ್ಲದ ಜಾಗವೇ ಇರಲಿಲ್ಲ. ಆದರೂ ನಮ್ಮನ್ನು ಅದರಲ್ಲೇ ಸೇರಿಸಿಕೊಂಡರು. ನೋಡಿದ ತಕ್ಷಣ ಈ ಜನರಿಂದ ಯಾರಿಗೂ ತೊಂದರೆಯಿಲ್ಲ ಎಂದು ಗೊತ್ತಾಗಿರಬೇಕು.

ಡ್ರೈವರ್ ಪಕ್ಕ ಕೂತು ದಾರಿ ನೋಡಿ, ಗಡಿಯಾರ ನೋಡಿ, ಎಲ್ಲಿ ತಿರುಗಬೇಕು, ಎಷ್ಟು ಹೊತ್ತು ಉಳಿದಿದೆ ಎಂದು ಹೇಳಲು ಒಬ್ಬರು ಬೇಕು. ಮೊದಲು ಅಣ್ಣನೇ ಕೂರುವುದೆಂದಾಗಿತ್ತು. ಒಂದು ದಿನ ಅಭ್ಯಾಸಕ್ಕೆಂದು ಕೊಟ್ಟಿಗೆಹಾರದ ಕಡೆ ಹೋದರು. ಹುಟ್ಟಿದಾರಭ್ಯ ಗಾಡಿಗಳ ಹೊಟ್ಟೆಯೊಳಗೇ ಬದುಕಿದ ನನ್ನಣ್ಣ, ಓಡುವ ಗಾಡಿಯಲ್ಲಿ ಕಾಗದ ನೋಡಿದ್ದೇ ತಡ, ಮೂರು ತಿರುವಿನಲ್ಲಿ ವಾಂತಿ ಮಾಡಿಕೊಂಡು, ಹುಳಿಮುಖ ಹೊತ್ತು ಮನೆಗೆ ಬಂದ. ಅವತ್ತು ರಾತ್ರಿ ಊಟಕ್ಕೆ ಬಡಿಸುವಾಗ ಇಬ್ಬರೂ ನನ್ನ ಮುಖ ನೋಡಿದರು.

"ನಿಂಗೆ ಹೆಂಗೂ ಮಗ್ಗಿ ಬರುತ್ತಲ್ಲ ಮಾರಾಯ್ತಿ," ಎಂದರು ಇವರು.

ಮಗ್ಗಿ ಬರುತ್ತದೆ, ವಾಂತಿ ಬರುವುದಿಲ್ಲ, ಎಡಗಡೆ ಕೂತು ಅಭ್ಯಾಸ ಇದೆ, ಮನೆಯವಳು ಬೇರೆ. ಇಂಥ ಅನುಕೂಲ ಅವರಿಗೆ ಇನ್ನೆಲ್ಲಿ ಸಿಗಬೇಕು. ನಾನು ಒಲ್ಲೆ ಅನ್ನಲಿಲ್ಲ. ಸತ್ಯ ಹೇಳಬೇಕೆಂದರೆ ನನಗೆ ಆಸೆಯಾಗಿತ್ತು. ಕುಯ್ಲಿನ ಮೂರು ತಿಂಗಳು ಆಳುಗಳ ಹಾಜರಿ, ಕಣದ ಕಾವಲು, ಅಡಿಗೆ ಎಂದು ಬೆಳಗಿನಿಂದ ಕತ್ತಲವರೆಗೆ ದುಡಿದವಳಿಗೆ, ಒಂದು ದಿನ ಮನೆ ಬಿಟ್ಟು ಜೋರಾಗಿ ಹೋಗುವುದು ಎಂದರೆ ಯಾಕೆ ಬೇಡವಾಗುತ್ತದೆ?

ಮೂಡಿಗೆರೆಯ ಒಂದು ಗೊಬ್ಬರದ ಅಂಗಡಿಯವರು ಜೀಪಿಗೆ ಹಳದಿ ಬಣ್ಣ ಕೊಟ್ಟರು. ಅದಕ್ಕೆ ಬದಲಾಗಿ ಬಾನೆಟ್ಟಿನ ಮೇಲೆ 'ಎಲ್ಲಾ ತರಹದ ಗೊಬ್ಬರ ಸಿಗುತ್ತದೆ' ಎಂದು ದೊಡ್ಡದಾಗಿ ಬರೆಸಿದರು. ಕೊಟ್ಟಿಗೆಹಾರದ ಹೋಟೆಲಿನವರು ರ‍್ಯಾಲಿಯ ದಿನ ಮೂವರಿಗೂ ನೀರುದೋಸೆ ಕಟ್ಟಿಕೊಡುತ್ತೇವೆ ಎಂದರು. ನಮ್ಮ ಪ್ರಾಯೋಜಕರು ಇಷ್ಟೇ ಜನ. ಹೆಲ್ಮೆಟ್ಟು ಎರಡೂ ಸ್ಕೂಟರಿನವು, ಬೇಡಿ ತಂದವು. ಟೈರು ಸವೆದವನ್ನೇ ರಿಸೋಲ್ ಮಾಡಿಸಿದವು. ನಾವು ಹೊರಟಾಗ ಅತ್ತೆ ಜಗಲಿಯಲ್ಲಿ ನಿಂತು ನೋಡಿ, "ಗಂಡ ಹೆಂಡ್ತಿ ಇಬ್ರೂ ತಲೆಗೆ ಪಾತ್ರೆ ಕವುಚ್ಕಂಡು ಎಲ್ಲಿಗೆ ಹೊಂಟ್ರಿ?" ಎಂದರು. ನಮ್ಮತ್ತೆಗೆ ಗೊತ್ತಿತ್ತು ಎಲ್ಲಿಗೆಂದು. ಆದರೂ ಕೇಳಿದರು.

ಮೊದಲ ರ‍್ಯಾಲಿಯಲ್ಲಿ ಇವರು ನನಗೆ ಒಂದೇ ಪಾಠ ಹೇಳಿಕೊಟ್ಟಿದ್ದರು. ಚಿಕ್ಕಮಗಳೂರಿನಲ್ಲಿ ಕೊನೆಗೆ ಒಂದು ಕಮಾನು ಕಟ್ಟಿರುತ್ತಾರೆ. ಅದರ ಕೆಳಗೆ ಜೀಪು ನುಗ್ಗಿದ ಕ್ಷಣ ನಾನು ಗಡಿಯಾರ ನೋಡಿ ಟೈಮು ಹೇಳಬೇಕು. "ನಾನು ಕೇಳ್ತೀನಿ, ಟೈಮೆಷ್ಟು ಅಂತ. ನೀನು ಥಟ್ ಅಂತ ಹೇಳ್ಬೇಕು. ಅಲ್ಲಿಗೆ ಮುಗೀತು." ಹೋಗುವ ದಾರಿಯುದ್ದಕ್ಕೂ ಅದನ್ನೇ ಹೇಳಿದರು. ಗೆಲ್ಲುವ ಮಾತು ಅವರು ಯಾವತ್ತೂ ಆಡಲಿಲ್ಲ. ಹೊಸ ಕಾರಿನವರ ಮುಂದೆ ಗೆಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಒಂದು ಸಲ ಪೂರ್ತಿ ಮಾಡಬೇಕು, ಕಮಾನಿನ ಕೆಳಗೆ ನಮ್ಮ ಗಾಲಿಯ ಮೇಲೆ ನಾವೇ ಹೋಗಬೇಕು, ಅಷ್ಟೇ ಅವರ ಆಸೆ.

ಆ ಸಲ ಏನಾಯಿತೆಂದರೆ, ಒಂದು ತೋಟದೊಳಗೆ ಗೇಟು ಬಂತು. ತೆರೆದೇ ಇತ್ತು. ಗೇಟು ಕಾಯಲು ರ‍್ಯಾಲಿಯವರು ಇಟ್ಟಿದ್ದ ಟೋಪಿಯ ಮಾರ್ಷಲ್ ಒಬ್ಬ ಪಕ್ಕದಲ್ಲಿ ನಿಂತು ಕೈ ಬೀಸುತ್ತಿದ್ದ. ಜೀಪು ದಾಟಿದ್ದೇ ಇವರು ತಮಗೆ ತಿಳಿಯದೆಯೇ ಬ್ರೇಕು ತುಳಿದರು, ನಾನು ನನಗೆ ತಿಳಿಯದೆಯೇ ಬೆಲ್ಟು ಬಿಚ್ಚಿ ಕೆಳಗಿಳಿದು, ಓಡಿ ಹೋಗಿ ಗೇಟು ಎಳೆದು ಕೊಕ್ಕೆ ಹಾಕಿ ಬಂದು ಕೂತೆ. ಮಾರ್ಷಲ್ ಬಾಯಿ ಬಿಟ್ಟು ನೋಡುತ್ತಿದ್ದ. ಅರ್ಧ ಮೈಲಿ ಹೋದ ಮೇಲೆ ಇವರು, "ಅಲ್ವೇ, ಅದನ್ಯಾಕೆ ಹಾಕಿದೆ?" ಎಂದರು. "ನೀವ್ಯಾಕೆ ನಿಲ್ಸಿದ್ರಿ?" ಎಂದೆ. ಈ ಸುದ್ದಿ ನಮಗಿಂತ ಮುಂಚೆ ಚಿಕ್ಕಮಗಳೂರು ಮುಟ್ಟಿತ್ತು. ನಾವು ಮುಟ್ಟಿದ್ದು ರಾತ್ರಿ, ರೇಡಿಯೇಟರ್ ಒಡೆದು, ಅಣ್ಣನ ಪಿಕಪ್ಪಿನ ಹಿಂದೆ ಹಗ್ಗ ಕಟ್ಟಿಸಿಕೊಂಡು.

ಆ ಹಗ್ಗ ಕಾಡಿನಿಂದ ನಾಟಾ ದಿಮ್ಮಿ ಎಳೆಯುವವರಿಂದ ಅಣ್ಣ ತಂದದ್ದು. ಮುಂದಿನ ವರ್ಷ ಆಕ್ಸಲ್ ತುಂಡಾಯಿತು, ಹಗ್ಗ. ಅದರ ಮುಂದಿನ ವರ್ಷ ಹಳ್ಳದಲ್ಲಿ ನೀರು ಕುಡಿದು ಎಂಜಿನ್ ನಿಂತಿತು, ಹಗ್ಗ. ಆಮೇಲೊಂದು ವರ್ಷ ಕಾರಣವೇ ತಿಳಿಯಲಿಲ್ಲ. ನಿಂತಲ್ಲಿ ನಿಂತಿತು, ಮನೆಗೆ ಎಳೆತಂದು ಅಂಗಳದಲ್ಲಿ ಬಿಟ್ಟರೆ ಮಾರನೆ ದಿನ ತಾನಾಗಿ ಹೊರಟಿತು. ಪೇಟೆಯಲ್ಲಿ ನಮಗೆ 'ಹಗ್ಗದವರು' ಎಂದು ಹೆಸರು ಬಿತ್ತು. ಮೂಡಿಗೆರೆ ಸಂತೆಯಲ್ಲಿ ಮೀನು ಮಾರುವವಳೂ, "ಈ ಸಲ ಹಗ್ಗ ಹೊಸದಾ ಅಮ್ಮಾ?" ಎಂದು ಕೇಳುತ್ತಿದ್ದಳು. ನಾನು ನಗುತ್ತಿದ್ದೆ. ಮನೆಗೆ ಬಂದು ಇವರ ಮೇಲೆ ಹರಿಹಾಯುತ್ತಿದ್ದೆ.

ನೋಡುವವರಿಗೆ ಇದು ತಮಾಷೆ. ಮಾಡುವವರಿಗೆ ಬರೀ ಸುಸ್ತು. ವರ್ಷದಲ್ಲಿ ಒಂದು ದಿನದ ರ‍್ಯಾಲಿಗೆ ಉಳಿದ ದಿನಗಳೆಲ್ಲ ಆ ಜೀಪಿನ ಚಾಕರಿ. ಜೀಪಿನ ಸೆಲ್ಫು ಕೆಲಸ ಮಾಡುತ್ತಿರಲಿಲ್ಲ. ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ ಭಾಗ್ಯ ನಮಗಿರಲಿಲ್ಲ, ತಳ್ಳಬೇಕು, ಇಲ್ಲವೇ ಇಳಿಜಾರಿನಲ್ಲಿ ಬಿಡಬೇಕು. ಹಾಗಾಗಿ ಎಲ್ಲಿ ಹೋದರೂ ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದೆವು. ನೆಂಟರ ಮನೆಗೆ ಹೋದರೆ ಅಂಗಳದಲ್ಲಿ ನಿಲ್ಲಿಸದೆ ಮೇಲಿನ ದಿಬ್ಬದಲ್ಲಿ ನಿಲ್ಲಿಸಿ, ನಾನು ಹಣ್ಣುಕಾಯಿಯ ಚೀಲ ಹೊತ್ತು ನಡೆದು ಬರಬೇಕು. ಇನ್ನೊಂದು ರೋಗವೆಂದರೆ, ಎಕ್ಸಿಲೇಟರಿನಿಂದ ಕಾಲು ತೆಗೆದರೆ ಎಂಜಿನ್ ನಿಲ್ಲುತ್ತಿತ್ತು. ಇವರು ಎಲ್ಲಾದರೂ ಇಳಿಯಬೇಕಾದರೆ ನಾನು ಎಡಗಡೆಯಿಂದ ಕಾಲು ಚಾಚಿ ಅದನ್ನು ಒತ್ತಿ ಹಿಡಿದು ಕೂರಬೇಕಿತ್ತು. ಇದನ್ನೆಲ್ಲ ಸರಿ ಮಾಡಿಸಬಾರದೇ ಎಂದರೆ, ಮಾಡಿಸಬೇಕಾದ್ದು ಇನ್ನೂ ಬೇರೆ ಇರುತ್ತಿತ್ತು. ಮೊದಲು ಬ್ರೇಕು, ಆಮೇಲೆ ಆಕ್ಸಲ್, ಆಮೇಲೆ ಟೈರು. ಸೆಲ್ಫಿನ ಸರದಿ ಬರಲೇ ಇಲ್ಲ. ಅಣ್ಣ ಗ್ಯಾರೇಜಿನಲ್ಲಿ ಬೇರೆಯವರ ಕೆಲಸ ಮುಗಿಸಿ, ಮಿಕ್ಕ ಹೊತ್ತಿನಲ್ಲಿ ನಮ್ಮ ಜೀಪಿನಡಿ ಮಲಗಿರುತ್ತಿದ್ದ. ಅತ್ತಿಗೆ ನನ್ನ ಹತ್ತಿರ ಮಾತು ಕಮ್ಮಿ ಮಾಡಿದಳು. ಅವಳ ತಪ್ಪಲ್ಲ.

ನನಗೂ ನಾಲ್ಕನೆಯ ವರ್ಷಕ್ಕೆ ಸಾಕಾಗಿತ್ತು. ಬಿಟ್ಟುಬಿಡೋಣ ಎಂದು ಹೇಳಲು ಬಾಯಿ ತೆರೆದರೆ, ಇವರು ಜಗಲಿಯಲ್ಲಿ ಕೂತು ಹೆಲ್ಮೆಟ್ಟಿಗೆ ಬಟ್ಟೆ ಒರೆಸುತ್ತಿರುತ್ತಿದ್ದರು. ಸಂತೆಯಲ್ಲಿ ಹಗ್ಗದ ಮಾತು ಬಂದಾಗ ನಾನು ನಕ್ಕಷ್ಟು ಇವರು ನಗುತ್ತಿರಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ. "ಎಷ್ಟು ವರ್ಷ ರೀ ಇದು?"

"ಒಂದ್ ಸಲ ಮುಗಿಸಿದ್ರೆ ಆಯ್ತು. ಆಮೇಲೆ ಆ ಕಡೆ ತಲೆ ಹಾಕಿ ಮಲಗಲ್ಲ."

"ಮುಗಿಸಿದ್ರೆ ಏನ್ ಸಿಗುತ್ತೆ?"

"ಏನೂ ಸಿಗಲ್ಲ. ಎಳ್ಕೊಂಡ್ ಬಂದ್ರು ಅನ್ನೋದು ತಪ್ಪುತ್ತೆ," ಎಂದರು.

ಅಷ್ಟರಲ್ಲಿ ಕಾಫಿ ರೇಟು ಬಿದ್ದಿತು. ಏರಿದ್ದು ಹೇಗೆ ನಮ್ಮ ಕೈಯಲ್ಲಿರಲಿಲ್ಲವೋ ಬಿದ್ದದ್ದೂ ಹಾಗೇ. ಎರಡು ಸಾವಿರದ ಇಸವಿ ಬಂದ ಮೇಲೆ ದೊಡ್ಡವರೂ ಕೈ ಬಿಗಿ ಹಿಡಿದರು, ರ‍್ಯಾಲಿಗೆ ಬರುವ ಗಾಡಿಗಳು ಕಡಿಮೆಯಾದವು. ಗೊಬ್ಬರದಂಗಡಿಯವರು ಬಣ್ಣ ಕೊಡಲಿಲ್ಲ. ಹೋಟೆಲಿನವರು ಮಾತ್ರ ದೋಸೆ ತಪ್ಪಿಸಲಿಲ್ಲ. ಇದೇ ಕೊನೆಯ ಸಲ ಎಂದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಮೂವರಿಗೂ ಗೊತ್ತಿತ್ತು. ಅಣ್ಣ ಆ ಸಲ ಒಂದು ವಾರ ಗ್ಯಾರೇಜು ಮುಚ್ಚಿ ಜೀಪು ಬಿಚ್ಚಿ ಜೋಡಿಸಿದ. "ಭಾವ, ಈ ಸಲ ನಾನು ಹಗ್ಗ ತರಲ್ಲ," ಎಂದ. ತಂದಿದ್ದ, ಪಿಕಪ್ಪಿನ ಸೀಟಿನ ಹಿಂದೆ ಮುಚ್ಚಿಟ್ಟಿದ್ದ. ನಾನು ನೋಡಿದೆ, ಹೇಳಲಿಲ್ಲ.

ಅವತ್ತು ಜೀಪು ಓಡಿತು. ಏನೆಂದು ಹೇಳಲಿ, ಒಂದೇ ಒಂದು ಸಲ ಕೆಮ್ಮಲಿಲ್ಲ. ನಾವು ಎಂದಿನಂತೆ ಎಲ್ಲರಿಗಿಂತ ಹಿಂದೆ ಇದ್ದೆವು; ನಿಧಾನದ ಗಾಡಿಯನ್ನು ಕೊನೆಗೆ ಬಿಡುತ್ತಿದ್ದರು. ಆದರೆ ಕಂಟ್ರೋಲಿನಿಂದ ಕಂಟ್ರೋಲಿಗೆ, ಸ್ವಲ್ಪ ತಡವಾದರೂ ಲೆಕ್ಕದೊಳಗೇ ಇದ್ದೆವು. ಮಧ್ಯಾಹ್ನ ಕಳೆಯಿತು. ಹಳ್ಳ ದಾಟಿತು. ಹೋದ ವರ್ಷ ನಿಂತ ಜಾಗ ದಾಟಿತು. ಇವರು ಮಾತಾಡಲಿಲ್ಲ, ನಾನೂ ದಾರಿ ಹೇಳುವುದು ಬಿಟ್ಟರೆ ಬೇರೆ ಮಾತಾಡಲಿಲ್ಲ. ಗಟ್ಟಿಯಾಗಿ ಆಸೆಪಟ್ಟರೆ ಜೀಪಿಗೆ ಕೇಳಿಸೀತು ಎನ್ನುವ ಹಾಗೆ ಇಬ್ಬರೂ ಬಾಯಿ ಮುಚ್ಚಿಕೊಂಡು ಕೂತಿದ್ದೆವು. ಉಳಿದದ್ದು ಒಂದು ತೋಟದ ರಸ್ತೆ, ಆಮೇಲೆ ಟಾರು ರಸ್ತೆಯಲ್ಲಿ ಚಿಕ್ಕಮಗಳೂರು. ಗಡಿಯಾರ ನೋಡಿದೆ. ಹೀಗೇ ಹೋದರೆ ಸಾಕಿತ್ತು.

ಆ ತೋಟ ಯಾರದೆಂದು ನಮಗೆ ಗೊತ್ತಿಲ್ಲ. ಅವತ್ತಿಗೂ ಗೊತ್ತಿರಲಿಲ್ಲ, ಆಮೇಲೂ ಕೇಳಲಿಲ್ಲ. ಗೇಟಿನಲ್ಲಿ ಮಾರ್ಷಲ್ ಇರಬೇಕಿತ್ತು. ನಮ್ಮ ಮುಂದಿನ ಗಾಡಿ ಹೋಗಿ ಬಹಳ ಹೊತ್ತಾದ್ದರಿಂದ, ಹಗ್ಗದವರು ಎಲ್ಲೋ ಕೆಟ್ಟು ಕೂತಿರಬೇಕೆಂದು ಅವನು ಹೋಗಿಬಿಟ್ಟಿದ್ದ. ಉಣಗೋಲಿನ ಗಳುಗಳೆಲ್ಲ ಪಕ್ಕದಲ್ಲಿ ಬಿದ್ದಿದ್ದವು. ತೋಟದ ಆಳುಗಳು ಗಾಡಿ ನೋಡಲು ಟಾರು ರಸ್ತೆಗೆ ಹೋಗಿರಬೇಕು, ಒಂದು ನರಪಿಳ್ಳೆ ಇರಲಿಲ್ಲ. ಗೇಟು ದಾಟಿದ ಮೇಲೆ ಎಡಕ್ಕೆ ಕಣ. ಕಣದ ತುಂಬ ಪಾರ್ಚ್‌ಮೆಂಟ್ ಬಿಸಿಲಿಗೆ ಬೆಳ್ಳಗೆ ಹರಡಿತ್ತು. ಅದರ ಅಂಚಿಗೆ ಐದಾರು ದನ ಬಂದು ನಿಂತಿದ್ದವು. ಒಂದು ಆಗಲೇ ಮುಂಗಾಲು ಬೀಜದ ಮೇಲೆ ಇಟ್ಟಿತ್ತು.

ನಾನು ನೋಡಿದೆ. ಇವರೂ ನೋಡಿದರು ಎಂದು ಗೊತ್ತಾಯಿತು, ಏಕೆಂದರೆ ಜೀಪು ನಿಧಾನವಾಯಿತು.

"ನಿಲ್ಲಿಸ್ಬೇಡಿ ರೀ," ಎಂದೆ.

"ದನ ಇದಾವೆ ಮಾರಾಯ್ತಿ."

"ಇರ್ಲಿ. ನಮ್ ಕಣ ಅಲ್ಲ. ಗೇಟು ತೆಗೆದವ್ರು ನಾವಲ್ಲ. ಹೋಗಿ."

ಜೀಪು ನಿಂತಿತು. ಅವತ್ತು ಬ್ರೇಕು ಒಂದೇ ತುಳಿತಕ್ಕೆ ಹಿಡಿಯಿತು. ಇವರು ನನ್ನ ಕಡೆ ನೋಡಿದರು. ಎಡಗಡೆ ಕೂತವಳು ಇಳಿಯಬೇಕು. ಇಷ್ಟು ವರ್ಷ ಎಷ್ಟು ಗೇಟಿಗೆ ಇಳಿದಿದ್ದೇನೋ, ಬಸುರಿಯಿದ್ದಾಗ ಇಳಿದಿದ್ದೇನೆ, ಜ್ವರದಲ್ಲಿ ಇಳಿದಿದ್ದೇನೆ. ಅವತ್ತು ಬೆಲ್ಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತೆ.

"ನಾನಿಳಿಯಲ್ಲ. ಈ ಸಲ ಒಂದು ಮುಗ್ಸಿಬಿಡಿ. ಸಾಕಾಗಿದೆ ನಂಗೆ," ಎಂದೆ.

ಇವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನಾನೂ ಜಗಳ ಆಡುತ್ತಿದ್ದೆ. "ಹೆಂಗ್ ಹೋಗ್ಲಿ ಹೇಳು?" ಎಂದರು. ಅಷ್ಟೇ ಕೇಳಿದ್ದು. ಆಮೇಲೆ, "ಎಕ್ಸಿಲೇಟರ್ ಮೇಲೆ ಕಾಲಿಡು," ಎಂದು ಹೇಳಿ, ಬೆಲ್ಟು ಬಿಚ್ಚಿ, ಮದುವೆಯಾದ ಮೇಲೆ ಮೊದಲ ಬಾರಿ ಗೇಟಿಗೆ ತಾವೇ ಇಳಿದರು.

ನಾನು ಕಾಲು ಚಾಚಿ ಒತ್ತಿ ಹಿಡಿದೆ. ಇವರು ಹೆಲ್ಮೆಟ್ ತೆಗೆದು ಬೀಸುತ್ತಾ ದನಗಳ ಕಡೆ ಓಡಿದರು. ಓಡಿದ್ದು ತಪ್ಪು ಕಡೆಯಿಂದ. ದನ ಹೊಡೆಯುವವರು ಕಣದ ಒಳಗಿನಿಂದ ಹೊರಕ್ಕೆ ಹೊಡೆಯಬೇಕು. ಇವರು ರಸ್ತೆ ಕಡೆಯಿಂದ ನುಗ್ಗಿ, ಅಂಚಿನಲ್ಲಿದ್ದ ದನಗಳನ್ನು ನಡುಕಣಕ್ಕೇ ಅಟ್ಟುತ್ತಿದ್ದರು. ಈ ಗಂಡಸಿಗೆ ದನ ಹೊಡೆಯಲೂ ಬರುವುದಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ನಾನು ಕಾಲು ತೆಗೆದರೆ ಎಂಜಿನ್ ನಿಲ್ಲುತ್ತದೆ. ಜಾಗ ಮಟ್ಟಸವಾಗಿದೆ, ಇಳಿಜಾರಿಲ್ಲ. ಎಂಜಿನ್ ನಿಂತರೆ ಕಮಾನಿಲ್ಲ. ಅದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಕೆಂದ ಹಸುವೊಂದು ಬಾಲ ಎತ್ತಿತು. ನಾನು ಕಾಲು ತೆಗೆದು, ಬೆಲ್ಟು ಬಿಚ್ಚಿ, ಕೆಳಗೆ ಹಾರಿ, ಒಂದು ಗಳು ಎತ್ತಿಕೊಂಡು ಕಣದ ಆ ತುದಿಗೆ ಓಡಿದೆ. ಹಿಂದೆ ಎಂಜಿನ್ ಎರಡು ಸಲ ಬಿಕ್ಕಿ ಸುಮ್ಮನಾದದ್ದು ಕೇಳಿಸಿತು.

ದನಗಳನ್ನು ಹೊರಗೆ ಹಾಕಿದೆವು. ಇವರು ಒಂದೊಂದೇ ಗಳು ಎತ್ತಿ ತೂತಿಗೆ ತೂರಿಸಿ ಉಣಗೋಲು ಹಾಕಿದರು. ಅಭ್ಯಾಸವಿಲ್ಲ; ಮೇಲಿನದನ್ನು ಮೊದಲು ತೂರಿಸಿ, ಮತ್ತೆ ತೆಗೆದು, ಕೆಳಗಿನಿಂದ ಶುರು ಮಾಡಿದರು. ನಾನು ಕಣದಲ್ಲಿ ಕೂತು, ಗೊರಸು ತಾಗಿದ ಕಡೆಯ ಬೀಜವನ್ನು ಕೈಯಲ್ಲಿ ಬೇರೆ ಮಾಡಿ ಅಂಚಿಗೆ ಹಾಕಿದೆ. ಆಮೇಲೆ ಇಬ್ಬರೂ ಜೀಪು ತಳ್ಳಿದೆವು. ಇವರು ಬಾಗಿಲ ಪಕ್ಕ ಒಂದು ಕೈ ಸ್ಟಿಯರಿಂಗಿನಲ್ಲಿ, ನಾನು ಹಿಂದೆ. ಸ್ವಲ್ಪ ಹೋಯಿತು, ನಿಂತಿತು. ಮತ್ತೆ ತಳ್ಳಿದೆವು. ಕೊನೆಗೆ ನಮ್ಮನ್ನು ಹುಡುಕಿಕೊಂಡು ಅಣ್ಣನ ಪಿಕಪ್ಪು ಬಂತು. ಅವನು ಜೀಪು ನೋಡಿದ, ಹಾಕಿದ ಉಣಗೋಲು ನೋಡಿದ, ನಮ್ಮಿಬ್ಬರ ಮುಖ ನೋಡಿದ. ಸೀಟಿನ ಹಿಂದಿನಿಂದ ಹಗ್ಗ ತೆಗೆದು ಕಟ್ಟಿ ಎಳೆದ; ಜೀಪು ಸ್ಟಾರ್ಟ್ ಆದ ತಕ್ಷಣ ಇಳಿದು ಬಂದು ಹಗ್ಗ ಬಿಚ್ಚಿ, "ಹೋಗಿ ಭಾವ, ನೀವು ಮುಂದೆ ಹೋಗಿ," ಎಂದ.

ಚಿಕ್ಕಮಗಳೂರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಕಮಾನು ಬಿಚ್ಚುತ್ತಿದ್ದರು. ಬಟ್ಟೆ ತೆಗೆದಾಗಿತ್ತು, ಎರಡು ಕಂಬ ಮಾತ್ರ ಇದ್ದವು. ಏಣಿಯ ಮೇಲಿದ್ದವನು ನಮ್ಮ ಜೀಪು ಕಂಡು ಕೆಳಗಿಳಿದು, ಏಣಿ ಪಕ್ಕಕ್ಕೆ ಎಳೆದು, ಬನ್ನಿ ಬನ್ನಿ ಎಂದು ಕೈ ಮಾಡಿದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಇವರು ಜೀಪು ನಿಲ್ಲಿಸಲಿಲ್ಲ, ನಿಲ್ಲಿಸುವ ಹಾಗೂ ಇರಲಿಲ್ಲ. ಕಂಬಗಳ ಪಕ್ಕದಿಂದ ಸುತ್ತು ಹಾಕಿ ಮೂಡಿಗೆರೆ ರಸ್ತೆಗೆ ತಿರುಗಿಸಿದರು.

"ಒಳಗಿಂದ ಹೋಗ್ಬಹುದಿತ್ತಲ್ಲ," ಎಂದೆ.

"ಮುಗಿದ್ಮೇಲೆ ಹೋಗಿ ಏನ್ ಮಾಡೋದು?" ಎಂದರು.

ಟೈಮೆಷ್ಟು ಎಂದು ಕೇಳಲಿಲ್ಲ. ನಾನು ಹೆಲ್ಮೆಟ್ ತೆಗೆಯದೆ ಮನೆಯವರೆಗೂ ಅಳುತ್ತಾ ಬಂದೆ. ಅವರು ಸೋತದ್ದಕ್ಕೆ ಅತ್ತೆನೋ, ಅವರು ನಿಲ್ಲಿಸಿದ್ದಕ್ಕೆ ಅತ್ತೆನೋ ಗೊತ್ತಿಲ್ಲ. ನಿಲ್ಲಿಸದೆ ಹೋಗಿದ್ದರೆ ನನಗೆ ಅವರ ಮೇಲೆ ಎಂಥ ಭಾವನೆ ಇರುತ್ತಿತ್ತು ಎನ್ನುವುದೂ ಗೊತ್ತಿಲ್ಲ. ನಮ್ಮ ಗೇಟು ಬಂದಾಗ ನಾನೇ ಇಳಿದು ಹಾಕಿದೆ.

ಟೀಮು ಅಲ್ಲಿಗೆ ನಿಂತಿತು. ಮುಚ್ಚಿದೆವು ಎಂದು ಹೇಳಲು ತೆರೆದದ್ದಾದರೂ ಏನಿತ್ತು? ಮುಂದಿನ ವರ್ಷ ಯಾರೂ ಮಾತೆತ್ತಲಿಲ್ಲ, ಅಷ್ಟೇ. ಅಣ್ಣ ಟಿಲ್ಲರ್, ಪಂಪ್‌ಸೆಟ್ ರಿಪೇರಿಗೆ ಇಳಿದ, ಅತ್ತಿಗೆ ಮತ್ತೆ ಮಾತಾಡಿದಳು. ಜೀಪು ಒಂದು ವರ್ಷ ಗೊಬ್ಬರ ಹೊತ್ತಿತು, ಬಾನೆಟ್ಟಿನ ಮೇಲೆ ಬರೆದದ್ದಕ್ಕೆ ಸರಿಯಾಗಿ. ಆಮೇಲೆ ಕಳಸದ ಯಾರಿಗೋ ಮಾರಿದೆವು. ಅದು ಹೋಗುವ ದಿನ ಇವರು ತೋಟದ ಒಳಗಿದ್ದರು, ಕರೆದರೂ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಸಂಸೆಯ ಆಚೆ ನೆಂಟರ ಮನೆಯಲ್ಲಿ ಗೃಹಪ್ರವೇಶವಿತ್ತು. ಅಷ್ಟರಲ್ಲಿ ಇವರು ಗಾಡಿ ಓಡಿಸುವುದು ಬಿಟ್ಟಿದ್ದರು. ಕಣ್ಣಿಗೆ ಪೊರೆ ಬಂದು, ಆಪರೇಷನ್ ಆದ ಮೇಲೂ ಧೈರ್ಯ ಸಾಲುತ್ತಿರಲಿಲ್ಲ. ಬಸ್ಸಿನಲ್ಲಿ ಕಳಸಕ್ಕೆ ಹೋಗಿ, ಅಲ್ಲಿಂದ ಬಾಡಿಗೆ ಜೀಪು ಹಿಡಿಯಬೇಕು. ಸ್ಟ್ಯಾಂಡಿನಲ್ಲಿ ಸಾಲಾಗಿ ಜೀಪು ನಿಂತಿದ್ದವು. ಮೂರನೆಯದರ ಹತ್ತಿರ ಇವರು ನಿಂತುಬಿಟ್ಟರು. ಬಿಳಿ ಬಣ್ಣ ಹೊಡೆದಿದ್ದರು. ಬಾನೆಟ್ಟಿನಲ್ಲಿ ಬಣ್ಣ ಎದ್ದ ಕಡೆ ಹಳದಿ, ಆ ಹಳದಿಯಲ್ಲಿ 'ತರಹದ ಗೊಬ್ಬರ' ಎನ್ನುವಷ್ಟು ಕಾಣುತ್ತಿತ್ತು. ಇವರು ಅದರ ಮೇಲೆ ಕೈಯಿಟ್ಟರು.

"ಹೆಂಗಿದೆ ಗಾಡಿ?" ಎಂದು ಡ್ರೈವರನ್ನು ಕೇಳಿದರು.

"ಚಿನ್ನ ಸಾರ್. ದಿನಾ ಸಂಸೆಗೆ ಓಡ್ಸೋದೇ. ಒಂದಿನ ಕೈ ಕೊಟ್ಟಿಲ್ಲ. ಮುಂದೆ ಕೂತ್ಕಳಿ, ಬನ್ನಿ."

ನಾನು ಹಿಂದೆ ಹತ್ತಿ, ಅದೇ ಮನೆಗೆ ಹೊರಟಿದ್ದ ನೆಂಟರ ಮಧ್ಯೆ ಇರುಕಿಕೊಂಡು ಕೂತೆ. ಇವರು ಮುಂದೆ, ಎಡಗಡೆ. ಡ್ರೈವರ್ ಕೀಲಿ ತಿರುಗಿಸಿದ. ಮಟ್ಟಸ ಜಾಗದಲ್ಲಿ, ಯಾರೂ ತಳ್ಳದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಇವರು ಹಿಂದೆ ತಿರುಗಿ ನನ್ನ ಮುಖ ನೋಡಿದರು. ಇಬ್ಬರಿಗೂ ನಗು ಬಂತು. ಪಕ್ಕದಲ್ಲಿದ್ದವರು ಏನು ಏನು ಎಂದು ಕೇಳಿದರು, ಏನಿಲ್ಲ ಎಂದೆ.

ಸಂಸೆ ದಾಟಿ ಒಳರಸ್ತೆಗೆ ತಿರುಗಿದ ಮೇಲೆ ನೆಂಟರ ತೋಟದ ಗೇಟು ಬಂತು. ಜೀಪು ನಿಂತಿತು. ಯಾರೂ ಏನೂ ಹೇಳಲಿಲ್ಲ. ಇವರು ಪಂಚೆ ಎತ್ತಿ ಕಟ್ಟಿ, ಕಂಬಿ ಹಿಡಿದು ನಿಧಾನವಾಗಿ ಇಳಿದು, ಗೇಟು ತೆಗೆದರು. ಜೀಪು ದಾಟಿತು. ಹಾಕಿದರು. ಕೊಕ್ಕೆ ಸರಿಯಾಗಿ ಕೂತಿತೋ ಇಲ್ಲವೋ ಎಂದು ಒಂದು ಸಲ ಅಲ್ಲಾಡಿಸಿ ನೋಡಿ, ವಾಪಸು ಬಂದು ಹತ್ತಿದರು. ಡ್ರೈವರ್ ಎಕ್ಸಿಲೇಟರಿನ ಮೇಲೆ ಕಾಲಿಟ್ಟುಕೊಂಡು ಕೂತಿರಬೇಕಾದ ಅಗತ್ಯವಿರಲಿಲ್ಲ. ಎಂಜಿನ್ ತನ್ನಷ್ಟಕ್ಕೆ ಓಡುತ್ತಿತ್ತು.

ಅಂಗಳಕ್ಕೆ ಹೋಗುವ ದಾರಿಯಲ್ಲಿ ಬಾಳೆಕಂದು ಕಟ್ಟಿ ಚಪ್ಪರ ಹಾಕಿದ್ದರು. ಜೀಪು ಅದರ ಕೆಳಗೆ ನುಗ್ಗಿ ನಿಂತಿತು. ಎಲ್ಲರೂ ಇಳಿಯಲು ಚೀಲ ಎತ್ತಿಕೊಂಡರು. ಇವರು ಇಳಿಯಲಿಲ್ಲ. ಮುಂದೆ ನೋಡುತ್ತಲೇ, ಹಿಂದಕ್ಕೆ ಕೇಳುವಷ್ಟು ಜೋರಾಗಿ, "ಟೈಮೆಷ್ಟು?" ಎಂದರು.

ನನ್ನ ಒಂದು ಕೈಯಲ್ಲಿ ಹೂವಿನ ಕಟ್ಟು, ಇನ್ನೊಂದರಲ್ಲಿ ತೆಂಗಿನಕಾಯಿ. ಎಲ್ಲವನ್ನೂ ಮಡಿಲಿಗೆ ಹಾಕಿಕೊಂಡು, ಸೆರಗು ಸರಿಸಿ ಗಡಿಯಾರ ನೋಡಿದೆ.

"ಹನ್ನೊಂದೂ ಕಾಲು," ಎಂದೆ.

"ಹ್ಞಾಂ," ಎಂದರು. ಆಮೇಲೆ ಇಳಿದರು.